ನನ್ನ ಸಾಕ್ಷಿ ಮತ್ತು ಒಂದು ಕೇರೆಹಾವು

ಇನ್ನೊಬ್ಬರ ಬಾಯಲ್ಲಿ ನಿಜ ಹೇಳಿಸುವುದು ಸುಲಭ, ತಾನು ಹೇಳುವುದು ಕಷ್ಟ. ಇದು ಅನುಭವದ ಮಾತು. ಕೋರ್ಟಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು ನಾನು. ಕಟಕಟೆ ಹತ್ತಿದವರಿಗೆ ಪ್ರಮಾಣ ಬೋಧಿಸುವುದು ನನ್ನ ಕೆಲಸಗಳಲ್ಲಿ ಒಂದು. "ದೇವರ ಮೇಲೆ ಪ್ರಮಾಣ ಮಾಡಿ ಹೇಳುತ್ತೇನೆ, ನಾನು ಹೇಳುವುದೆಲ್ಲಾ ಸತ್ಯ, ಸತ್ಯವನ್ನಲ್ಲದೆ ಬೇರೇನೂ ಹೇಳುವುದಿಲ್ಲ" ಎಂದು ನಾನು ಹೇಳಿಕೊಟ್ಟಂತೆ ಒಪ್ಪಿಸಿ, ಆಮೇಲೆ ಕೆಲವರು ತಮಗೆ ತೋಚಿದ್ದನ್ನು ಹೇಳಿ ಇಳಿದು ಹೋಗುತ್ತಿದ್ದರು. ನನಗೆ ಒಳಗೊಳಗೇ ನಗು. ನಿವೃತ್ತನಾದ ಮೇಲೆ ನಾನೇ ಸಾಕ್ಷಿ ಹೇಳುವ ಸರದಿ ಬಂದಾಗ ನಗು ಎತ್ತ ಹೋಯಿತೋ ಗೊತ್ತಿಲ್ಲ.

ಕೋರ್ಟಿನಲ್ಲಲ್ಲ, ಸಭೆಯಲ್ಲಿ. ಪಾಂಡವಪುರದಲ್ಲಿ ನಾವು ಹೋಗುವ ಕ್ರೈಸ್ತ ಪ್ರಾರ್ಥನಾ ಸಭೆಗೆ ತಗಡಿನ ಸೂರು. ಜೋರು ಮಳೆ ಬಂದರೆ ಪಾಸ್ಟರ ಪ್ರಸಂಗ ಯಾರಿಗೂ ಕೇಳಿಸದು. ಅಂಥ ಮಳೆಗಾಗಿ ನಾನು ಪ್ರಾರ್ಥಿಸಿದ್ದೂ ಉಂಟು. ನನ್ನ ತಾತ, ಅಪ್ಪ ಇಬ್ಬರೂ ವಿಶ್ವಾಸಿಗಳೇ. ಆದರೆ ನಮ್ಮ ಸಭೆಯಲ್ಲಿ ಅದು ಲೆಕ್ಕಕ್ಕಿಲ್ಲ. ಅಪ್ಪನ ಜಮೀನು ಪೌತಿ ಖಾತೆಯಾಗಿ ಮಗನ ಹೆಸರಿಗೆ ಬಂದಂತೆ ಪಾಪದಿಂದ ಅಪ್ಪನಿಗೆ ಸಿಕ್ಕ ರಕ್ಷಣೆ ಮಗನಿಗೆ ಬರುವುದಿಲ್ಲ. ಪ್ರತಿಯೊಬ್ಬನೂ ತಾನೇ ಪಶ್ಚಾತ್ತಾಪಪಟ್ಟು, ತಾನೇ ನಂಬಿ, ಹೊಸದಾಗಿ ಹುಟ್ಟಬೇಕು. ಆಮೇಲೆ ಎಲ್ಲರ ಮುಂದೆ ನಿಂತು ತನ್ನ ಬದುಕಿನಲ್ಲಿ ಕರ್ತನಾದ ದೇವರು ಮಾಡಿದ್ದನ್ನು ಹೇಳಬೇಕು. ಅದೇ ಸಾಕ್ಷಿ. ಅದಾದ ಮೇಲೆ ಹೊಳೆಯಲ್ಲಿ ಮುಳುಗಿ ದೀಕ್ಷಾಸ್ನಾನ. ನನ್ನ ಹೆಂಡತಿ ಮಾರ್ತಮ್ಮ ಮದುವೆಗೆ ಮುಂಚೆಯೇ ಎರಡೂ ಮುಗಿಸಿದ್ದಳು. ನಾನು ಅರವತ್ತು ದಾಟಿದರೂ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತವನು. ನನ್ನ ಸಾಕ್ಷಿ ಕೇಳಬೇಕೆಂದು ಅವಳು ಎಷ್ಟು ವರ್ಷದಿಂದ ಕಾದಿದ್ದಳೋ ಅವಳಿಗೇ ಗೊತ್ತು.

ಕೊನೆಗೂ ದೀಕ್ಷಾಸ್ನಾನ ಬೇಕೆಂದು ನಾನೇ ಕೇಳಿದೆ. ತೊಡಕು ಬಂದದ್ದು ಸಾಕ್ಷಿಯದು. ಬೇರೆಯವರ ಸಾಕ್ಷಿಗಳನ್ನು ಕೇಳಿದರೆ ಮೈ ನಡುಗುತ್ತದೆ. ಚಿನಕುರಳಿಯ ಮರಿಯಪ್ಪ ಕುಡಿದು ಕಲ್ಲಿನ ಕೋರೆಗೆ ಬಿದ್ದು, ಅಲ್ಲಿಂದ ಕರ್ತನನ್ನು ಕೂಗಿದವನು. ಬೂಕನಕೆರೆಯ ರೂತಮ್ಮ ಡಾಕ್ಟರು ಕೈಬಿಟ್ಟ ಮೇಲೆ ಎದ್ದು ಕೂತವಳು. ನನ್ನದೇನಿದೆ? ಬೀಡಿಯಿಲ್ಲ, ಇಸ್ಪೀಟಿಲ್ಲ, ಕರ್ತನು ಬಿಡಿಸೋಣವೆಂದರೆ ನಶ್ಯದ ಚಟವೂ ಇಲ್ಲ. ಇಷ್ಟು ಸಪ್ಪೆ ಬದುಕನ್ನು ಮೈಕಿನಲ್ಲಿ ಹೇಳುವುದು ಹೇಗೆ?

ಕಿಕ್ಕೇರಿ ಕಡೆಯವರಾದ ನಮ್ಮ ಪಾಸ್ಟರ ಹತ್ತಿರ ತೋಡಿಕೊಂಡೆ. ಅವರು ನಕ್ಕರು. "ಪಾಪ ದೊಡ್ದಾ, ಚಿಕ್ಕದಾ ಅಂತ ದ್ಯಾವ್ರು ತೂಕ ಆಕ್ತಾನಾ ಸಾರ್? ರಕ್ಷಣೆ ಸಿಕ್ಕೋದು ಕೃಪೆಯಿಂದ, ನಮ್ ಸಾಮರ್ಥ್ಯದಿಂದ ಅಲ್ಲ. ನಡೆದದ್ದು ನಡೆದಂಗೆ ಯೋಳ್ಬುಡಿ, ಸಾಕು" ಅಂದರು.

ನನಗೆ ಸಾಕಾಗಲಿಲ್ಲ. ಹಿಂದೊಮ್ಮೆ ಕಬ್ಬಿನ ಗದ್ದೆಯ ಬದುವಿನಲ್ಲಿ ಕೇರೆಹಾವು ಕಂಡು ಓಡಿದ್ದೆ. ಸಾಕ್ಷಿಯ ಕತೆಗಾಗಿ ಅದಕ್ಕೆ ಹೆಡೆ ಬಿಡಿಸಿ ನಾಗರಹಾವು ಮಾಡಿದೆ. ಓಡುವುದರ ಬದಲು ಅಲ್ಲೇ ಮೊಣಕಾಲೂರಿದೆ. ಹಾವು ತಲೆ ಬಾಗಿಸಿ ಪಕ್ಕಕ್ಕೆ ಸರಿಯಿತು. ಒಂದು ವಾರ ಬಚ್ಚಲಿನಲ್ಲಿ ಅಭ್ಯಾಸ ಮಾಡಿದೆ. ಶನಿವಾರದ ಹೊತ್ತಿಗೆ ಹಾವು ಹತ್ತಡಿ ಬೆಳೆದಿತ್ತು.

ಭಾನುವಾರ ಪಾಸ್ಟರು ಹೆಸರು ಕರೆದರು. ಹೆಂಗಸರ ಚಾಪೆಯ ಮೊದಲ ಸಾಲಿನಲ್ಲಿ ಮಾರ್ತಮ್ಮ ಆಗಲೇ ಸೆರಗಿನ ತುದಿ ಕೈಯಲ್ಲಿ ಹಿಡಿದು ಅಳಲು ಸಿದ್ಧಳಾಗಿದ್ದಳು. ನಾನು ಮೈಕು ಹಿಡಿದೆ, ಗಂಟಲು ಸರಿಮಾಡಿಕೊಂಡೆ. ಪಾಸ್ಟರು ಅಂದ "ಸಾಕ್ಷಿ" ಎಂಬ ಪದ ಕಿವಿಗೆ ಬಿದ್ದದ್ದಷ್ಟೇ, ಮೂವತ್ತು ವರ್ಷದ ಅಭ್ಯಾಸ ನಾಲಿಗೆಯಿಂದ ತಾನಾಗಿ ಹೊರಬಿತ್ತು. "ದೇವರ ಮೇಲೆ ಪ್ರಮಾಣ ಮಾಡಿ ಹೇಳುತ್ತೇನೆ, ನಾನು ಹೇಳುವುದೆಲ್ಲಾ ಸತ್ಯ, ಸತ್ಯವನ್ನಲ್ಲದೆ ಬೇರೇನೂ ಹೇಳುವುದಿಲ್ಲ!"

ಆಣೆ-ಪ್ರಮಾಣ ನಮ್ಮಲ್ಲಿ ಸಲ್ಲದು. ಪಾಸ್ಟರು ಮುಚ್ಚಿದ್ದ ಕಣ್ಣು ತೆರೆದರು. ಮರಿಯಪ್ಪ ಮಾತ್ರ, "ಕೋರ್ಟ್ ಶುರುವಾಯ್ತು ಕಣ್ಲಾ" ಎಂದು ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಇಷ್ಟು ಹೇಳಿದ ಬಾಯಲ್ಲಿ ಹತ್ತಡಿ ನಾಗರಹಾವನ್ನು ಹೇಗೆ ಬಿಡಲಿ? ಉಳಿದದ್ದು ನಿಜವೊಂದೇ. ಅದನ್ನೇ ಹೇಳಿದೆ.

"ನನ್ನ ಹೆಂಡತಿ ದಿನಾ ಮುಂಜಾನೆ ಎದ್ದು ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಾಳೆ. ಮೊದಲು ಪಾಸ್ಟರಿಗೆ, ಆಮೇಲೆ ಊರಿಗೆ, ಆಮೇಲೆ ಪಕ್ಕದ ಮನೆಯ ಕಾಯಿಲೆ ಎಮ್ಮೆಗೆ, ಕೊನೆಗೆ ನನಗೆ. ನನ್ನ ಕೋಪ, ನನ್ನ ಜಂಬ, ಒಂದೊಂದನ್ನೂ ಕರ್ತನಿಗೆ ಒಪ್ಪಿಸುತ್ತಾಳೆ. ನಾನು ನಿದ್ದೆ ಬಂದವನಂತೆ ಗೊರಕೆ ಹೊಡೆಯುತ್ತಾ ಎಲ್ಲವನ್ನೂ ಕೇಳುತ್ತೇನೆ. ಹೋದ ತಿಂಗಳು ಒಂದು ದಿನ ಎಮ್ಮೆ ಮುಗಿಯುತ್ತಿದ್ದಂತೆ ಆಮೆನ್ ಅಂದು ಎದ್ದು ಹೋದಳು. ನನ್ನ ಹೆಸರು ಬರಲೇ ಇಲ್ಲ. ನನಗೆ ಜೀವ ಹೋದಂತಾಯಿತು. ಕಂಬಳಿಯೊಳಗೇ ಮೊದಲ ಸಲ ನಾನೇ ಬಾಯಿಬಿಟ್ಟೆ. 'ಕರ್ತನೇ, ಇವಳು ನನ್ನನ್ನು ಬಿಟ್ಟಳು, ನೀನು ಬಿಡಬೇಡ' ಅಂದೆ. ಬಿಡುವುದಿಲ್ಲ ಅನ್ನುವ ಧೈರ್ಯ ಆವತ್ತು ಬಂತು, ಇನ್ನೂ ಹೋಗಿಲ್ಲ. ನನ್ನ ಸಾಕ್ಷಿ ಇಷ್ಟೇ."

ರೂತಮ್ಮ ಸ್ತೋತ್ರ ಎಂದು ಕೂಗಿದಳು, ತಗಡಿನ ಸೂರು ಹಾರಿಹೋಗುವಂತೆ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸದ್ದಿನಲ್ಲಿ ನಾನು ಚಿಕ್ಕ ಮಗುವಿನಂತೆ ಅತ್ತೆ. ಎಷ್ಟು ಸಂತೋಷವಾಗಿತ್ತೆಂದರೆ ಸಭೆ ಮುಗಿದ ಮೇಲೆ ಕೊಡುವ ಉಪ್ಪಿಟ್ಟನ್ನು ಎರಡನೇ ಸಲ ಕೇಳುವುದನ್ನೂ ಮರೆತೆ.

ಪಾಟೀಸವಾಲು ಆದದ್ದು ಮನೆಗೆ ಹೋಗುವ ದಾರಿಯಲ್ಲಿ. "ನಿದ್ದೆ ಬಂದೋರ ಗೊರಕೆ ಯಾವ್ದು, ಎಚ್ರ ಇರೋರ ಗೊರಕೆ ಯಾವ್ದು ಅಂತ ನಂಗೆ ಗೊತ್ತಾಗಕ್ಕಿಲ್ವೇನ್ರೀ?" ಅಂದಳು ಮಾರ್ತಮ್ಮ. "ನಾನೇನ್ ಮರ್ತಿರ್ನಿಲ್ಲ. ಇಷ್ಟ್ ವರ್ಸ ನಾನ್ ಕೇಳಿದ್ದಾಯ್ತು, ಇನ್ ನೀವೇ ಕೇಳ್ಕಳ್ಳಿ ಅಂತ ಬೇಕಂತ್ಲೇ ಬುಟ್ಟಿದ್ದು!"

ಮುಂದಿನ ಭಾನುವಾರ ಶ್ರೀರಂಗಪಟ್ಟಣದ ಹೊಳೆಯಲ್ಲಿ ಪಾಸ್ಟರು ನನ್ನನ್ನು ಮುಳುಗಿಸಿ ಎತ್ತಿದರು. ಹೊಸ ಮನುಷ್ಯನಾಗಿ ಮನೆಗೆ ಬಂದು ಮಲಗಿದೆ. ಮರುದಿನ ಮುಂಜಾನೆ ಪಾಸ್ಟರು, ಊರು, ಎಮ್ಮೆ ಎಲ್ಲ ಮುಗಿದ ಮೇಲೆ ನನ್ನ ಹೆಸರು ಬಂತು. "ಕರ್ತನೇ, ಈ ಮನ್ಸ ಬಚ್ಚಲಲ್ಲಿ ಕುಂತು ಹಾವಿನ ಕತೆ ಕಟ್ತಾವ್ರೆ, ಆ ಚಟ ಒಂದ ಬುಡ್ಸಪ್ಪ" ಎಂದಳು.

ಕಂಬಳಿಯೊಳಗೆ ಎಂದಿನಂತೆ ಗೊರಕೆ ಹೊಡೆಯುತ್ತಿದ್ದ ನಾನು, ಗೊರಕೆಯ ನಡುವೆಯೇ ಆಮೆನ್ ಅಂದುಬಿಟ್ಟೆ.