ಬಂದೂ ಬಾರದ ಬೂದು ಕಾರಿನ ಚಾಲಕರಿಗೆ

ಬೂದು ಬಣ್ಣದ ಕಾರಿನ ಮಾನ್ಯ ಚಾಲಕ ಮಹಾಶಯರೇ,

ಕೊನೆಗೆ ನಮ್ಮ ಭಾವ ಅಂದದ್ದು ‘ಗಾಡಿ ಬಂದಿತ್ತು ಬಿಡಯ್ಯ’ ಎಂದೋ, ‘ಬಂದಿತ್ತು ಅಂತಲೇ ಇಟ್ಕೊಳ್ಳೋಣ ಬಿಡಯ್ಯ’ ಎಂದೋ ಈಗ ಸರಿಯಾಗಿ ನೆನಪಿಲ್ಲ; ಈ ಎರಡು ಮಾತುಗಳ ನಡುವಿನ ಜಾಗದಲ್ಲಿ ನಾನು ಮೂರು ವಾರಗಳಿಂದ ವಾಸವಾಗಿದ್ದೇನೆ. ಅಲ್ಲಿಂದಲೇ ತಮಗೆ ಅನಂತ ನಮಸ್ಕಾರಗಳು. ತಮ್ಮ ಹೆಸರು, ವಿಳಾಸ ಯಾವುದೂ ತಿಳಿಯದ ಕಾರಣ ಈ ಪತ್ರವನ್ನು ಗೋದಾಮಿನ ಹಿಂಬೀದಿಯ ತಿರುವಿನ ದೀಪದ ಕಂಬಕ್ಕೆ, ಸ್ಟಿಯರಿಂಗ್ ಹಿಡಿದು ಕೂತವರ ಕಣ್ಣಿನ ಎತ್ತರಕ್ಕೆ ಸರಿಯಾಗಿ ಅಂಟಿಸುತ್ತಿದ್ದೇನೆ. ದಾರಿಹೋಕರು ಓದಿಕೊಂಡರೆ ಅಭ್ಯಂತರವಿಲ್ಲ. ಅವರಲ್ಲಿ ಬಹಳ ಮಂದಿಗೆ ವಿಷಯ ಆಗಲೇ ಗೊತ್ತಿದೆ, ತಪ್ಪಾಗಿ.

ಅಂದು ಭಾನುವಾರ ನಮ್ಮ ಬೀದಿ ಹಾಕಿ ಲೀಗಿನ ಫೈನಲ್ ಇತ್ತು. ಮೂವತ್ತೈದು ದಾಟಿದವರಿಗೆ ಮಾತ್ರ ಪ್ರವೇಶವಿರುವ, ಗೆದ್ದವರೂ ಸೋತವರೂ ರಾತ್ರಿ ಒಂದೇ ಮುಲಾಮು ಹಚ್ಚಿಕೊಳ್ಳುವ ಲೀಗು. ತಾವು ತಿರುವಿನಿಂದಲೇ ಹಿಂದಿರುಗಿದ್ದರಿಂದ ಆ ದಿನದ ಸೊಗಸು ತಮಗೆ ತಪ್ಪಿಹೋಯಿತು. ನಾಲ್ಕಕ್ಕೆ ಆಟವೆಂದರೆ ಮೂರಕ್ಕೇ ಎಲ್ಲರೂ ಹಾಜರು. ಕಳೆದ ವರ್ಷ ಸರಿಹೋಗುತ್ತಿದ್ದ ಜರ್ಸಿಯೊಳಗೆ ಉಸಿರು ಹಿಡಿದು ನುಗ್ಗುವವರು, ಮಂಡಿಗೆ ಪಟ್ಟಿ ಸುತ್ತುತ್ತಾ ತನ್ನ ನೋವೇ ದೊಡ್ಡದೆಂದು ವಾದಿಸುವವರು, ಗೋಡೆಯುದ್ದಕ್ಕೂ ಒರಗಿಸಿಟ್ಟ ಹಾಕಿ ಕೋಲುಗಳು, ಮಡಚುವ ಕುರ್ಚಿಗಳು, ಫ್ಲಾಸ್ಕುಗಳು, ಹೋಳು ಮಾಡಿದ ಕಿತ್ತಳೆ, ಅದೇ ಬಣ್ಣದ ಪ್ಲಾಸ್ಟಿಕ್ ಚೆಂಡು. ಎದುರು ತಂಡದ ನಾಯಕ ಬೇಕರಿಯವನು, ‘ಏನ್ ಭಾವ, ಮಂಡಿಗೆ ಎಣ್ಣೆ ಬಿಟ್ಕೊಂಡ್ ಬಂದ್ರಾ?’ ಎಂದು ಕೂಗಿದ. ಲೀಗಿಗೆಲ್ಲ ನಮ್ಮ ಭಾವನೇ ಭಾವ. ಅವರು, ‘ನಿನ್ನೆಯ ನಿನ್ನ ಬ್ರೆಡ್ಡಿಗಿಂತ ಮೆತ್ತಗೇ ಇದೆ, ಬಾರಯ್ಯ’ ಎಂದರು. ನಕ್ಕವರಿಗೆ ಗೊತ್ತಿತ್ತು, ಡಾಕ್ಟರು ಆ ಮಂಡಿಗೆ ಅದೇ ಕೊನೆಯ ಆಟವೆಂದು ಹೇಳಿದ್ದಾರೆಂದು. ಒಂಬತ್ತು ವರ್ಷದಲ್ಲಿ ಭಾವ ಫೈನಲಿನಲ್ಲಿ ಒಂದು ಗೋಲೂ ಹೊಡೆದಿರಲಿಲ್ಲವೆಂಬುದೂ ಗೊತ್ತಿತ್ತು.

ನಮ್ಮಲ್ಲಿ ರೆಫರಿ ಇಲ್ಲ. ಇರುವುದು ಒಂದೇ ಕಟ್ಟಳೆ: ವಾಹನ ಕಂಡವರು ‘ಗಾಡಿ!’ ಎಂದು ಕೂಗಬೇಕು. ಕೂಗಿದ ಕ್ಷಣಕ್ಕೆ ಆಟ ನಿಂತಂತೆ. ಆಮೇಲೆ ಚೆಂಡು ಎಲ್ಲಿಗೆ ಹೋದರೂ ಲೆಕ್ಕಕ್ಕಿಲ್ಲ. ಗೋಲಿನ ಚೌಕಟ್ಟುಗಳನ್ನು ಎತ್ತಿ ಪಕ್ಕಕ್ಕಿಟ್ಟು, ವಾಹನಕ್ಕೆ ದಾರಿ ಬಿಟ್ಟು, ಮತ್ತೆ ಬೀದಿಯ ನಡುವಿನಿಂದ ಆಡುತ್ತೇವೆ. ಕೂಗಿದವನ ಮಾತನ್ನು ಯಾರೂ ಪ್ರಶ್ನಿಸುವ ಹಾಗಿಲ್ಲ. ಒಂಬತ್ತು ವರ್ಷ ಯಾರೂ ಪ್ರಶ್ನಿಸಿರಲೂ ಇಲ್ಲ, ಏಕೆಂದರೆ ಕೂಗಿದ ಮೇಲೆ ಪ್ರತಿ ಸಲವೂ ಗಾಡಿ ಬಂದಿತ್ತು.

ಆಟ ಮೂರು–ಮೂರು ಸಮವಾಗಿತ್ತು. ಅಡಿಗೆಮನೆಯ ಟೈಮರನ್ನು ಮಡಿಲಲ್ಲಿಟ್ಟುಕೊಂಡು, ಕರಿಹಲಗೆಯ ಮೇಲೆ ಅಂಕಿ ಬರೆಯುತ್ತಿದ್ದ ನಮ್ಮ ಅಕ್ಕ, ಅಂದರೆ ಭಾವನ ಹೆಂಡತಿ, ಇನ್ನು ನಲವತ್ತು ಸೆಕೆಂಡು ಎಂದಳು. ಅಷ್ಟರಲ್ಲಿ ಚೆಂಡು ಭಾವನಿಗೆ ಸಿಕ್ಕಿತು. ಎದುರಿಗೆ ಗೋಲ್‌ಕೀಪರ್ ಆಗಲೇ ಬಿದ್ದು ಏಳಲಾರದೆ ಕೂತಿದ್ದ. ಇಡೀ ಬೀದಿ ಆ ಕಡೆಗೆ ತಿರುಗಿತು, ನನ್ನೊಬ್ಬನನ್ನು ಬಿಟ್ಟು. ನಾನು ಈ ತುದಿಯ ಗೋಲ್‌ಕೀಪರ್. ತನ್ನ ತಂಡ ಗೆಲ್ಲುವ ಹೊತ್ತಿನಲ್ಲಿ ಗೋಲ್‌ಕೀಪರನಷ್ಟು ನಿರುದ್ಯೋಗಿ ಬೇರೊಬ್ಬನಿರುವುದಿಲ್ಲ. ಬಲೆಗೆ ಸಿಕ್ಕಿಸಿದ್ದ ನೀರಿನ ಬಾಟಲಿಗೆಂದು ಹಿಂದಕ್ಕೆ ತಿರುಗಿದೆ. ತಿರುವಿನಲ್ಲಿ ತಾವು ಪ್ರತ್ಯಕ್ಷರಾದಿರಿ.

ಕೂಗಿದೆ.

ಮಹಾಶಯರೇ, ಮುಂದಿನ ಮೂರು ಸೆಕೆಂಡುಗಳಲ್ಲಿ ತಾವು ತೋರಿದ ಸೌಜನ್ಯಕ್ಕೆ ಈ ಬೀದಿಯ ಇತಿಹಾಸದಲ್ಲಿ ಸಾಟಿಯಿಲ್ಲ. ಇಲ್ಲಿ ಹಾದುಹೋಗುವವರು ಹಾರ್ನ್ ಒತ್ತುತ್ತಾರೆ, ಬೈಯುತ್ತಾರೆ. ಒಬ್ಬರಂತೂ ನಮ್ಮ ಗೋಲನ್ನು ಬಂಪರಿಗೆ ಸಿಕ್ಕಿಸಿಕೊಂಡು ಮುಖ್ಯರಸ್ತೆಯವರೆಗೂ ಹೋಗಿದ್ದರು. ತಾವಾದರೋ ನಮ್ಮನ್ನು ನೋಡಿದಿರಿ, ‘ಪಾಪ, ಆಡಿಕೊಳ್ಳಲಿ’ ಎಂದುಕೊಂಡಿರಿ, ಗಾಜಿನ ಹಿಂದೆ ಕೈಯೆತ್ತಿದಿರಿ, ಸದ್ದಿಲ್ಲದೆ ಹಿಂದಕ್ಕೆ ಸರಿದು ಮಾಯವಾದಿರಿ. ಮರ್ಯಾದೆಗೆ ನಾನೂ ಕೈಯೆತ್ತಿದೆ. ಆದ್ದರಿಂದ ಭಾವನ ಚೆಂಡು ಬಲೆ ಸೇರಿ, ಅರ್ಧ ಬೀದಿ ಕುಣಿದು, ಉಳಿದರ್ಧ ‘ಗಾಡಿ ಅಂದ್ರಲ್ಲಪ್ಪಾ!’ ಎಂದು ಅರಚಿ, ಎಲ್ಲರೂ ಒಟ್ಟಿಗೆ ಈ ಕಡೆ ತಿರುಗಿದಾಗ ಅವರಿಗೆ ಕಂಡದ್ದು, ಖಾಲಿ ಬೀದಿಗೆ ಕೈಬೀಸುತ್ತಾ ನಿಂತ ನಾನು.

ಅಕ್ಕ ಆಗಲೇ ನಾಲ್ಕು ಎಂದು ಬರೆದಿದ್ದಳು. ಕಟ್ಟಳೆ ಕಟ್ಟಳೆಯೇ, ಅಂಗೈಯಿಂದ ಒರೆಸಿದಳು. ಮತ್ತೆ ನಡುಬೀದಿಯಿಂದ ಆಟ. ಉಳಿದ ಮೂವತ್ತು ಚಿಲ್ಲರೆ ಸೆಕೆಂಡಿನಲ್ಲಿ ಬೇಕರಿಯವನು ನನ್ನ ಎರಡು ಕಾಲುಗಳ ನಡುವೆ ನಾಲ್ಕನೆಯದನ್ನು ದಾಟಿಸಿದ. ಕಪ್ ಎತ್ತಿಕೊಂಡು ಬಂದು ನನ್ನನ್ನು ಅಪ್ಪಿ, ‘ನಿಮ್ಮಂಥ ಗೋಲ್‌ಕೀಪರ್ ಪ್ರತಿ ತಂಡಕ್ಕೂ ಬೇಕು ಸಾರ್, ಎದುರುಗಡೆ’ ಎಂದ. ಅಂದಿನಿಂದ ನನ್ನ ಪೊಟ್ಟಣಕ್ಕೆ ಒಂದು ಬನ್ನು ಹೆಚ್ಚಿಗೆ ಹಾಕುತ್ತಾನೆ. ಇದಕ್ಕಿಂತ ಘೋರವಾದ ಆರೋಪಪಟ್ಟಿಯನ್ನು ನಾನು ಕಂಡಿಲ್ಲ.

ನಾನು ಮನೆಮನೆಗೆ ಹೋಗಿ ನೀರಿನ ಮೀಟರು ಓದುವವನು. ಇಪ್ಪತ್ತೆರಡು ವರ್ಷ ಜನ ನಾನು ಬರೆದ ಅಂಕಿಯನ್ನು ಬೈದುಕೊಂಡಾದರೂ ನಂಬಿದ್ದರು. ಈಗ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, ‘ಏನಿಲ್ಲ ಸಾರ್, ಸುಮ್ನೆ’ ಅನ್ನುತ್ತಾರೆ. ಭಾವನದು ಕನ್ನಡಕದ ಅಂಗಡಿ. ಮರುದಿನವೇ ನನ್ನನ್ನು ಕತ್ತಲೆ ಕೋಣೆಯ ಕುರ್ಚಿಯಲ್ಲಿ ಕೂರಿಸಿ, ಅಕ್ಷರಗಳ ಕೊನೆಯ ಸಾಲಿನವರೆಗೂ ಓದಿಸಿ, ದೀಪ ಹಾಕಿ, ‘ಕಣ್ಣೇನೋ ಚೆನ್ನಾಗೇ ಇದೆ ಕಣಯ್ಯ’ ಎಂದರು. ಕೆಟ್ಟಿದೆ ಎಂದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಕ್ಕ ಇನ್ನೂ ಒಂದು ಹೆಜ್ಜೆ ಮುಂದೆ: ‘ಲೋ, ಕೂಗಿದ್ದೇನೋ ಕೂಗಿದೆ. ಅದರಲ್ಲಿ ಅಷ್ಟು ಖುಷಿ ಯಾಕಿತ್ತೋ?’ ಎಂದಳು. ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವವನು ತನ್ನ ಗಂಟಲನ್ನೇ ಬೇರೊಬ್ಬರದೆಂಬಂತೆ ಕೇಳಿಸಿಕೊಳ್ಳಬೇಕಾಗುತ್ತದೆ. ನಾನು ಕೇಳಿಸಿಕೊಳ್ಳುತ್ತಲೇ ಇದ್ದೇನೆ. ಒಂದೊಂದು ದಿನ ಆ ಕೂಗು ಬರಿಯ ಕೂಗಾಗಿರುತ್ತದೆ. ಒಂದೊಂದು ದಿನ ಅಲ್ಲ.

ಆದಕಾರಣ ತಮ್ಮಲ್ಲಿ ವಿನಂತಿ. ತಾವು ಅಸ್ತಿತ್ವದಲ್ಲಿದ್ದೀರೆಂದು ಒಂದು ದೃಢೀಕರಣ ಪತ್ರ ದಯಪಾಲಿಸಬೇಕು. ಮೂರು ಪ್ರತಿ, ಭಾವನಿಗೊಂದು, ಅಕ್ಕನಿಗೊಂದು, ಬೇಕರಿಯ ಗಾಜಿಗೊಂದು. ಸಾಧ್ಯವಾದರೆ ಆ ಭಾನುವಾರಕ್ಕೇ ಹಿಂದಿರುಗಿ, ಬೀದಿಯುದ್ದಕ್ಕೂ ಹಾರ್ನ್ ಒತ್ತುತ್ತಾ, ನಮ್ಮೆಲ್ಲರನ್ನೂ ಬಾಯಿಗೆ ಬಂದಂತೆ ಬೈಯುತ್ತಾ ಹಾದುಹೋಗಬೇಕು. ಅದು ಆಗದಿದ್ದಲ್ಲಿ ಮುಂದೆ ಯಾರಿಗೂ, ಯಾವ ತಿರುವಿನಲ್ಲೂ ಇಷ್ಟು ಒಳ್ಳೆಯವರಾಗದಿರಲು ಪ್ರಯತ್ನಿಸಬೇಕು.

ಕೈಯೆತ್ತಿದ ಭಂಗಿಯಲ್ಲೇ ಉಳಿದಿರುವ,
ತಮ್ಮ ವಿಶ್ವಾಸಿ,
ಈ ತುದಿಯ ಗೋಲ್‌ಕೀಪರ್

ತಾ.ಕ.: ಆ ಕರಿಹಲಗೆ ಈಗ ಅಕ್ಕನ ಅಡಿಗೆಮನೆಯಲ್ಲಿದೆ, ಸಾಮಾನಿನ ಪಟ್ಟಿ ಬರೆಯಲು. ಉಪ್ಪು, ಸೋಪು, ಬೆಂಕಿಪೊಟ್ಟಣಗಳ ಹಿಂದೆ ಒರೆಸಿದ ನಾಲ್ಕು ಇನ್ನೂ ಮಸುಕಾಗಿ ಕಾಣುತ್ತದೆ. ಭಾವ ಊಟಕ್ಕೆ ಅದಕ್ಕೆ ಎದುರಾಗಿಯೇ ಕೂರುತ್ತಾರೆ, ನೋವಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು. ಮೊನ್ನೆ ನನ್ನ ಕಡೆ ನೋಡದೆ, ‘ಯಾವ ಬಣ್ಣ ಅಂದೆ?’ ಎಂದು ಕೇಳಿದರು. ಬೂದು ಎಂದೆ. ಹೇಳುವಾಗ ನನ್ನ ದನಿ ಸ್ವಲ್ಪ ತಡವರಿಸಿತು. ತಾವೇ ಹೇಳಿ, ಮಹಾಶಯರೇ: ತಾವು ಬಂದಿದ್ದಿರಿ, ಅಲ್ಲವೇ?