ಗುಂಡ್ಯಾ ಹೊರಗ ಹೋಗೋದು ಕಲಿತದ್ದು

ನಾಯಿಮರಿ ಇರುವ ಮನೆಯಲ್ಲಿ ನಗುವುದಕ್ಕೆ ಬೇರೆ ಹೊತ್ತು ಬೇಕಿಲ್ಲ. ಅರಿವೆ ಹಿಡಿದು ನೆಲ ಒರೆಸುವಾಗಲೇ ನಗು ಬಂದುಬಿಡುತ್ತದೆ. ಕೊಪ್ಪಳದ ನಮ್ಮ ಮನೆಯ ಪಡಸಾಲೆಯಲ್ಲೇ ನಾನು ಹೊಲಿಗೆ ಮಷಿನ್ ಇಟ್ಟುಕೊಂಡು ಹೆಂಗಸರ ಜಂಪರ್ ಹೊಲಿಯುತ್ತೇನೆ. ಅಲ್ಲಿಗೆ ನಮ್ಮವರು ಒಂದು ದಿನ ಕುಷ್ಟಗಿಯಿಂದ ಬರುವಾಗ ಅಂಗಿಯೊಳಗೆ ಒಂದು ಮರಿ ಇಟ್ಟುಕೊಂಡು ಬಂದರು.

ಅತ್ತೆ ಬಾಗಿಲಲ್ಲೇ ತಡೆದರು. "ಮನಿ ಒಳಗ ಒಂದು ಹನಿ ಬಿತ್ತಂದ್ರ ಮರಿನೂ ಹೊರಗ, ತಂದಾಂವನೂ ಹೊರಗ!"

ಅಷ್ಟರಲ್ಲೇ ನಮ್ಮವರ ಅಂಗಿ ತೊಯ್ದಿತ್ತು. "ನಾ ಇನ್ನೂ ಹೊಸ್ತಿಲದಾಗ ಅದೀನಬೇ," ಎಂದರು ಅವರು, "ಇದು ಲೆಕ್ಕಕ್ಕಿಲ್ಲ."

ಪೇಪರ್

ಮರಿ ಒಂದಕ್ಕೆ ಕೂರಲು ಮೂಲೆಯಲ್ಲಿ ಹಳೇ ಪೇಪರ್ ಹಾಸಿ, ದಿನಾ ಸ್ವಲ್ಪ ಸ್ವಲ್ಪ ಬಾಗಿಲ ಕಡೆ ಸರಿಸಿರಿ ಎಂದು ಪಶು ಆಸ್ಪತ್ರೆಯವರು ಹೇಳಿದರು. ಮರಿಗೆ ಗುಂಡ್ಯಾ ಎಂದು ಹೆಸರಿಟ್ಟಿದ್ದೆವು. ಗುಂಡ್ಯಾ ಜಾಣ. ಪೇಪರ್ ಕಂಡರೆ ಸಾಕು, ಅದರ ಮೇಲೇ ಕೂರುತ್ತಿದ್ದ.

ತಾವರಗೇರಾದಿಂದ ನಮ್ಮವರ ಸೋದರಮಾವ ಬಂದಿದ್ದರು. ಉಂಡು, ನೆಲದ ಮೇಲೆ ಆ ದಿನದ ಪೇಪರ್ ಹರಡಿ, ಚಸ್ಮಾ ಏರಿಸಿ ಓದುತ್ತ ಕೂತಿದ್ದರು. ಅಂಗಳದಿಂದ ಓಡಿ ಬಂದ ಗುಂಡ್ಯಾ ನೇರ ಮೊದಲ ಪುಟದ ನಡುವೆ ಕೂತು ಕೆಲಸ ಮುಗಿಸಿದ. ನಾನು ಅರಿವೆ ಹಿಡಿದು ಓಡಿದೆ.

ಮಾವ ಚಸ್ಮಾ ತೆಗೆದರು. "ಬೈಬ್ಯಾಡವಾ ಅದಕ್ಕ. ಈ ಸುದ್ದಿ ಓದಿ ನನಗೂ ಹಂಗ ಮಾಡಬೇಕನಿಸಿತ್ತು. ವಯಸ್ಸು ಅಡ್ಡ ಬಂತು."

ಗಂಗಾವತಿ

ಆಮೇಲೆ "ಹೊರಗ" ಎಂಬ ಮಾತು ಕಲಿಸಿದೆವು. ಅದೇ ತಪ್ಪಾಯಿತು. "ಲೈನಿಂಗ್ ಹೊರಗ ಕಾಣಂಗಿಲ್ಲಲ್ರಿ?" ಎಂದು ಗಿರಾಕಿ ಕೇಳಿದರೂ ಸಾಕು, ಗುಂಡ್ಯಾ ಬಂದು ನನ್ನ ಸೆರಗು ಜಗ್ಗುತ್ತಿದ್ದ. ಅದಕ್ಕೇ ಮನೆಯಲ್ಲಿ ಯಾರೂ ಸುಮ್ಮನೆ ಆಡದ ಮಾತು ಹುಡುಕಿ, "ನಡಿ, ಗಂಗಾವತಿಗೆ" ಅನ್ನತೊಡಗಿದೆ. ಬಿಸ್ಕೀಟಿನ ಆಸೆಗೆ ಅದನ್ನೂ ಕಲಿತ.

ಒಂದು ಮಧ್ಯಾಹ್ನ ಪಕ್ಕದ ಮನೆ ಚಾಚಿ ಬಿರ್ಯಾನಿ ಡಬ್ಬಿ ಹಿಡಿದು ಬಂದರು. ಮುಖ ಬಾಡಿತ್ತು. "ಏನ್ ಕಷ್ಟ ಬಂದೈತಿ ಬೇಟಿ? ಗ್ವಾಡಿ ಆಚಿಂದ ದಿನಾ ಕೇಳಾಕತ್ತೀನಿ. ಈ ಬಿಸಲಾಗ ಘಡಿಘಡಿಗೆ ಗಂಗಾವತಿಗೆ ಹೋಗ್ತಿ. ಅಲ್ಲಿ ಯಾರಿಗೆ ಆರಾಮಿಲ್ಲ?"

ವಿಷಯ ಹೇಳಿದೆ. ಚಾಚಿ ಗೋಡೆ ಹಿಡಿದು ನಕ್ಕರು. ಡಬ್ಬಿ ಮಾತ್ರ ವಾಪಸ್ ಒಯ್ಯಲಿಲ್ಲ. "ಇರಲಿ ಬಿಡು. ಅಷ್ಟು ದೂರ ಹೋಗಿ ಬಂದಾನ, ಹಸಿವಿ ಆಗಿರತೈತಿ."

ಮೊಣಕಾಲು

ಅತ್ತೆಗೆ ಮೊಣಕಾಲಿನ ಆಪರೇಶನ್ ಆಯಿತು. ನಡೆಯಲೇಬೇಕೆಂದು ಡಾಕ್ಟರ್ ಹೇಳಿದ್ದರು. ಅತ್ತೆ ಮಂಚ ಬಿಟ್ಟು ಏಳಲೊಲ್ಲರು. "ನಡದ್ರ ಹೊಲಿಗಿ ಬಿಚ್ಚತಾವ" ಎಂದೇ ಹಟ. ಹೊಲಿಗೆ ಬಲ್ಲ ನಾನು ಹೇಳಿದರೂ ಕೇಳಲಿಲ್ಲ. ಇನ್ನು ಇವರು ಏಳುವುದೇ ಇಲ್ಲವೇನೋ ಎಂದು ನಾನು ಅಡುಗೆಮನೆಯಲ್ಲಿ ಅತ್ತದ್ದೂ ಉಂಟು.

ಒಂದು ಮುಂಜಾನೆ ನಾನು ದಾರ ತರಲು ಹೋಗಿದ್ದೆ. ಗುಂಡ್ಯಾನಿಗೆ ಅವಸರ, ಬಾಗಿಲು ಮುಚ್ಚಿತ್ತು. ನಾನು ತಿರುಗಿ ಬರುವಷ್ಟರಲ್ಲಿ ಅತ್ತೆ ವಾಕರ್ ಹಿಡಿದು ಹೊಸ್ತಿಲಲ್ಲಿ ನಿಂತು, "ಲಗೂ ಮುಗಸೋ, ನನ್ನ ಜೀವಾ ತಿನ್ನಾಕ ಹುಟ್ಟೀಯಲ್ಲ" ಎಂದು ಬೈಯುತ್ತಿದ್ದರು. ನನ್ನನ್ನು ಕಂಡರೆ ಎಲ್ಲಿ ಮತ್ತೆ ಮಂಚ ಹಿಡಿಯುತ್ತಾರೋ ಎಂದು ನಾನು ಓಣಿಯ ಮೂಲೆಯಲ್ಲೇ ನಿಂತೆ. ಅಂದಿನಿಂದ ಗುಂಡ್ಯಾ ಅವರನ್ನೇ ಎಬ್ಬಿಸತೊಡಗಿದ. ಹೊಸ್ತಿಲಾಯಿತು, ಅಂಗಳವಾಯಿತು, ಬೇವಿನ ಗಿಡದವರೆಗೂ ಹೋದರು. ಆ ಮೂಕ ಪ್ರಾಣಿಯ ಋಣ ಯಾವ ಬಿಸ್ಕೀಟಿನಿಂದ ತೀರೀತು?

ಮುಂದಿನ ಸಲ ಡಾಕ್ಟರ್ ಕಾಲು ಮಡಚಿ ನೋಡಿ ಬೆರಗಾದರು. "ಭಾಳ ಛಲೋ ಆಗೈತ್ರಿ! ಯಾರು ನಡಸಿದ್ರು?"

"ನಮ್ಮ ಗುಂಡ್ಯಾ ರೀ," ಎಂದರು ಅತ್ತೆ ಹೆಮ್ಮೆಯಿಂದ. "ಅವನ್ನ ಒಂದಕ್ಕ ಕರಕೊಂಡು ಹೋಗ್ತೀನಿ."

"ಮೊಮ್ಮಗಾ ಏನ್ರಿ? ಎಷ್ಟು ವಯಸ್ಸು?"

"ಇನ್ನೂ ವರ್ಷ ತುಂಬಿಲ್ರಿ."

"ವರ್ಷ ತುಂಬಿಲ್ಲ, ಆಗಲೇ ತಾನಾಗೇ ಹೇಳ್ತಾನಾ?"

"ಹೇಳ್ತಾನ್ರಿ. ನಾ ಏಳದಿದ್ರ ಸೀರಿ ಕಚ್ಚಿ ಎಳೀತಾನ."

ಡಾಕ್ಟರ್ ನನ್ನ ಮುಖ ನೋಡಿದರು. ನಾನು ನಗು ತಡೆಯಲು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. "ಭಾರೀ ಹುಷಾರ್ ಹುಡುಗ ಬಿಡ್ರಿ" ಎಂದರು ಅವರು.

"ಹುಷಾರ್ ಅಂದ್ರ ಏನ್ರಿ!" ಎಂದರು ಅತ್ತೆ. "ಗಿಡ ಕಂಡ ಕೂಡ್ಲೆ, ಯಾರೂ ಹೇಳೋದು ಬ್ಯಾಡ, ಮೂಸಿ ನೋಡಿ ತಾನಾಗೇ ಕಾಲು ಎತ್ತತಾನ."