ಓಬಳೇಶನ ಸೆಂಟು, ಕರೇಕುರಿಯ ಮೂಗು

ಇನ್ನು ಮುಂದೆ ತಾನು ಬರೀ ಓಬಳೇಶನಾಗಿ ಎಲ್ಲಿಗೂ ಹೋಗುವುದಿಲ್ಲ, ಹೋದರೆ ಪರಿಮಳ ಸಮೇತನಾಗಿಯೇ ಹೋಗುವುದು ಎಂದು ಚಿತ್ರದುರ್ಗದ ಮೊಬೈಲ್ ಅಂಗಡಿಯ ಸೇಲ್ಸ್‌ಮನ್ ಓಬಳೇಶ ತೀರ್ಮಾನಿಸಿಬಿಟ್ಟಿದ್ದ. ಪರ್ಫ್ಯೂಮಿನ ಬಾಟಲಿ ಮನೆಗೆ ಬಂದಾಗಿನಿಂದ ಫೋನಿನಲ್ಲಿ ಅದೇ ವಿದ್ಯಾಭ್ಯಾಸ. ಸ್ನಾನ ಮಾಡಿ ಮೈ ಒರೆಸಿಕೊಂಡ ಮೇಲೆಯೇ ಹಾಕಬೇಕು. ಮಣಿಕಟ್ಟಿಗೆ, ಕತ್ತಿಗೆ, ಕಿವಿಯ ಹಿಂದಕ್ಕೆ, ಅಷ್ಟೇ. ಹಾಕಿದ ಮೇಲೆ ಉಜ್ಜಕೂಡದು, ಉಜ್ಜಿದರೆ ಪರಿಮಳದ ಪ್ರಾಣ ಹೋಗುತ್ತದೆ. ಬಾಟಲಿಗೆ ಬಿಸಿಲು ಸೋಕಕೂಡದು. ಹೆಂಡತಿ ಸುಮಾ ಅದನ್ನು ಸೆಂಟು ಎಂದರೆ ಸಾಕು, ಸೆಂಟು ಬೇರೆ ಪರ್ಫ್ಯೂಮು ಬೇರೆ ಎಂದು ಪಾಠ ಶುರುಮಾಡುತ್ತಿದ್ದ.

ಆ ಭಾನುವಾರ ಗಂಡಹೆಂಡತಿ ಯಲ್ಲದಕೆರೆಗೆ, ಸುಮಾಳ ತವರಿಗೆ ಹೊರಟರು. ಮಾವ ರಂಗಪ್ಪನವರದು ಕುರಿ ಸಾಕುವ ಮನೆ. ಕುರಿವಾಸನೆ ತನಗೆ ಹತ್ತದಿರಲೆಂದು ಓಬಳೇಶ ಅಂದು ಧಾರಾಳವಾಗಿಯೇ ಹಾಕಿಕೊಂಡ. ಕರ್ಚೀಫಿಗೂ ಹಾಕಿದ. ಬಾಟಲಿಯನ್ನು ಹೆಂಡತಿಯ ಬ್ಯಾಗಿನಲ್ಲಿ ಸೀರೆ ಸುತ್ತಿ ಮಲಗಿಸಿದ. ಹಿರಿಯೂರಿನ ಬಸ್ಸಿನಲ್ಲಿ ಬಿಸಿಲು ತಮ್ಮ ಕಡೆಗೆ ತಿರುಗಿದಾಗ, ಹೆಂಡತಿಯನ್ನು ಅಲ್ಲೇ ಬಿಟ್ಟು ಬ್ಯಾಗಿನೊಂದಿಗೆ ನೆರಳಿನ ಸೀಟಿಗೆ ಹೋಗಿ ಕೂತ.

ಅವರು ಮನೆ ಮುಟ್ಟುವ ಹೊತ್ತಿಗೆ, ಕುರಿ ಕೂಡುವ ರೊಪ್ಪದಲ್ಲಿ ಕರೇಕುರಿಯೊಂದು ಆಗತಾನೇ ಮರಿ ಹಾಕಿತ್ತು. ಬೆಳ್ಳಗಿನ ಮುದ್ದು ಮರಿ, ಕಾಲು ಇನ್ನೂ ನೆಟ್ಟಗೆ ನಿಲ್ಲದು. ಸ್ಟೇಟಸ್‌ಗೆ ಹಾಕಲು ಇದಕ್ಕಿಂತ ಒಳ್ಳೆಯ ಫೋಟೊ ಎಲ್ಲಿ ಸಿಗಬೇಕು? ಓಬಳೇಶ ಮರಿಯನ್ನು ಎತ್ತಿ ಕತ್ತಿಗೆ ಒತ್ತಿಕೊಂಡ, ಕೆನ್ನೆಗೆ ತಾಗಿಸಿಕೊಂಡ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ಫೋಟೊ ಹೊಡೆದುಕೊಂಡ. ಮಾವ ಕೆಮ್ಮಿದ ಮೇಲೆ ಮರಿಯನ್ನು ಕೆಳಗೆ ಬಿಟ್ಟು, ಫೋಟೊ ಸ್ಟೇಟಸ್‌ಗೆ ಹಾಕಿದ.

ಕರೇಕುರಿ ಓಡಿ ಬಂದು ಮೂಸಿತು. ಜೋರಾಗಿ ಸೀನಿತು. ಆಮೇಲೆ ಹೆತ್ತ ಮರಿಯನ್ನೇ ತಲೆಯಿಂದ ಗುದ್ದಿ ದೂರ ತಳ್ಳಿತು. ಮರಿ ತಡವರಿಸಿಕೊಂಡು ಕೆಚ್ಚಲ ಹತ್ತಿರ ಬಂದರೆ ಮತ್ತೊಂದು ಗುದ್ದು.

ತಾಯಿಕುರಿಗೆ ಮರಿಯ ಗುರುತು ವಾಸನೆಯಲ್ಲಿ. ಈ ಮರಿಯೋ ಮದುವಣಿಗನ ಹಾಗೆ ಘಮಘಮಿಸುತ್ತಿತ್ತು. ಅತ್ತೆ ಬರಗೇರಮ್ಮನ ಮುಖ ಸಣ್ಣದಾಯಿತು. ಗಿಣ್ಣುಹಾಲು ಹೊಟ್ಟೆಗೆ ಬೀಳದಿದ್ದರೆ ಮರಿ ಉಳಿಯುವುದು ಕಷ್ಟ ಎಂದು ಅವರು ಮಗಳ ಕಿವಿಯಲ್ಲಿ ಹೇಳಿದ್ದು ಅಳಿಯನಿಗೂ ಕೇಳಿಸಿತು. ಅವನು ಗಾಬರಿಯಿಂದ ಜೇಬಿನ ಕರ್ಚೀಫು ತೆಗೆದು ಮರಿಯನ್ನು ತಲೆಯಿಂದ ಬಾಲದವರೆಗೆ ಒರೆಸಿದ. ಪೂರ್ತಿ ಒರೆಸಿದ ಮೇಲೆ, ಕರ್ಚೀಫಿನಲ್ಲಿ ಏನಿತ್ತೆಂಬುದು ನೆನಪಾಯಿತು.

ಮಾವ ಕುರಿಯನ್ನು ಗೂಟಕ್ಕೆ ಕಟ್ಟಿದರು. ಹಿಂಗಾಲು ಹಿಡಿಯಲು ಹೋದ ಅಳಿಯ ಒದೆ ತಿಂದು ಹಿಕ್ಕೆಯ ಮೇಲೆ ಕೂತ. ಮರಿ ಅವನ ತೊಡೆಯೇರಿತು. ಜೇಬಿನಲ್ಲಿ ಫೋನು ಟಿಣ್ ಟಿಣ್ ಎನ್ನುತ್ತಿತ್ತು. ಸ್ಟೇಟಸ್ ನೋಡಿದವರೆಲ್ಲ ಸೂಪರ್ ಎನ್ನುತ್ತಿದ್ದರು. ಹಸಿದ ಮರಿ ಅವನ ಕಿವಿಯ ತುದಿಯನ್ನೇ ಬಾಯಿಗೆ ತೆಗೆದುಕೊಂಡು ಚೀಪತೊಡಗಿತು. ಅಂಗಡಿಯಲ್ಲಿ ಎಂಥ ಗಿರಾಕಿಗೂ ಜಗ್ಗದ ಓಬಳೇಶ ಕಿವಿ ಬಿಡಿಸಿಕೊಳ್ಳದೆ ಹಾಗೇ ಕೂತ.

ಅಷ್ಟರಲ್ಲಿ ಸುಮಾ ಒಳಗಿನಿಂದ ಬಂದಳು. ಕೈಯಲ್ಲಿ ಬಾಟಲಿ.

"ಏನ್ ಮಾಡ್ತೀಯೇ?"

"ತಾಯಿಗೂ ಇದನ್ನೇ ಹಾಕ್ತೀನಿ. ಎರಡೂ ಒಂದೇ ವಾಸನೆ ಬಂದ್ರೆ ಬ್ಯಾರೆ ಅಂತ ಹೆಂಗ್ ಗೊತ್ತಾಗ್ತೈತೆ?"

"ಲೇ, ಅದು ಕಿವಿ ಹಿಂದಕ್ಕೆ ಹಾಕೋದು ಕಣೇ."

"ಕುರಿಗೂ ಕಿವಿ ಅವೆ ಕಣ್ರಿ."

ಹಾಕಿದಳು. ಕಿವಿಯ ಹಿಂದೆ ಹಾಕಿದಳು, ಕತ್ತಿಗೆ ಹಾಕಿದಳು, ಅಂಗೈಗೆ ಸುರಿದುಕೊಂಡು ಕುರಿಯ ಮೂತಿಗೆ ಚೆನ್ನಾಗಿ ಉಜ್ಜಿದಳು. ಉಜ್ಜಬಾರದು ಎಂಬ ಮಾತು ಓಬಳೇಶನ ನಾಲಿಗೆಯವರೆಗೆ ಬಂತು. ತೊಡೆಯ ಮೇಲೆ ನಡುಗುತ್ತಿದ್ದ ಮರಿಯನ್ನು ನೋಡಿ ನುಂಗಿಕೊಂಡ. ಬಾಟಲಿ ತಳ ಕಂಡಿತು.

ಕರೇಕುರಿ ಸೀನಿತು, ತಲೆ ಕೊಡವಿತು, ಸುತ್ತಲೂ ಮೂಸಿತು. ಈಗ ಅದಕ್ಕೆ ಇಡೀ ರೊಪ್ಪವೇ ಆ ವಾಸನೆ ಹೊಡೆಯುತ್ತಿತ್ತು. ಓಬಳೇಶನ ತೊಡೆಯಿಂದಿಳಿದು ಬಂದ ಮರಿಯನ್ನು ಮೂಸಿತು, ಗುದ್ದಲಿಲ್ಲ. ಮತ್ತೊಮ್ಮೆ ಮೂಸಿ ನೆಕ್ಕಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿತು, ಅದರ ಪುಟ್ಟ ಬಾಲ ಪಟಪಟನೆ ಅಲ್ಲಾಡಿತು. ಬರಗೇರಮ್ಮ ಕೈಮುಗಿದರು. ಮಾವ ಹಗ್ಗ ಬಿಚ್ಚಿದರು. ಓಬಳೇಶ ಹಿಕ್ಕೆಯ ಮೇಲೆ ಕೂತಿದ್ದರೂ ನೆಮ್ಮದಿಯಿಂದ ಕಣ್ಣುಮುಚ್ಚಿದ.

ಕತ್ತಿನ ಮೇಲೆ ಏನೋ ಬೆಚ್ಚಗೆ, ಒರಟಾಗಿ ಆಡಿತು. ಕಣ್ಣು ಬಿಟ್ಟರೆ ಕರೇಕುರಿ. ಅವನ ಕಿವಿಯ ಹಿಂದೆ ಮೂಸಿ ಮೂಸಿ ಬಲು ಪ್ರೀತಿಯಿಂದ ನೆಕ್ಕುತ್ತಿತ್ತು. ಅವನು ಏಳಲು ಹೋದ.

"ಸುಮಾ, ನಿನ್ನ ಗಂಡಗೆ ಅಲ್ಲಾಡಬ್ಯಾಡ ಅಂತ ಹೇಳು," ಎಂದರು ಬರಗೇರಮ್ಮ, ಸೆರಗು ಬಾಯಿಗೆ ಒತ್ತಿಕೊಂಡು. "ಪಾಪ, ಅವಳಿ ಮರಿ ಹಾಕೀನಿ ಅಂದ್ಕಂಡೈತೆ ಅದು."